ಉಪ್ಪುತುಂಡಿನ ಬೋರಕ್ಕ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರನ್ನು ನಾನೂ ಕೇಳಲಿಲ್ಲ. ನಮ್ಮಜ್ಜಿಯ ಅಜ್ಜಿಗೂ ಅದು ಹಳೆಯ ಕತೆಯೇ ಆಗಿತ್ತಂತೆ. ಕೌಜುಗನಹಟ್ಟಿ ಅಂತ ಒಂದು ಹಟ್ಟಿ. ಮೂವತ್ತು ಗುಡಿಸಲು, ಅರವತ್ತು ನಾಯಿ. ಹಟ್ಟಿಯ ಬೆನ್ನಿಗೆ ಮೂರು ಗುಡ್ಡ. ಒಂದರ ತುಂಬ ಮಜ್ಜಿಗೆ ಹುಲ್ಲು, ಒಂದರ ತುಂಬ ನೆಲ್ಲಿ ಮರ, ಇನ್ನೊಂದರ ತುಂಬ ಕಾರೆ ಮುಳ್ಳು. ಗುಡ್ಡಗಳಿಗೂ ಅವೇ ಹೆಸರು. ಬೇರೆ ಹೆಸರು ಹುಡುಕುವಷ್ಟು ಪುರುಸೊತ್ತು ಆ ಜನಕ್ಕೆ ಇರಲಿಲ್ಲ.

ಬೆಳಗಾದರೆ ಗಂಡಸರು ಬಲೆ ಹೆಗಲಿಗೇರಿಸಿಕೊಂಡು ಗುಡ್ಡ ಹತ್ತುತ್ತಿದ್ದರು. ಮೊಲವೋ, ಕೌಜುಗವೋ, ಕಾಡುಹಂದಿಯೋ, ಸಿಕ್ಕಿದ್ದು ಸಿಕ್ಕಿತು. ಹೊಡೆದವನಿಗೆ ಒಂದು ಪಾಲು, ಓಡಿಸಿದವರಿಗೆ ಒಂದು ಪಾಲು, ನಾಯಿಗೆ ಒಂದು ಪಾಲು. ಹಟ್ಟಿಯಲ್ಲಿ ಬಸುರಿ ಇದ್ದರೆ ಅವಳ ಹೊಟ್ಟೆಯಲ್ಲಿದ್ದ ಕೂಸಿಗೂ ಒಂದು ಪಾಲು. ಹುಟ್ಟದೆ ಇರುವವರಿಗೂ ಪಾಲಿಟ್ಟ ಊರು ಅದು.

ಆ ಹಟ್ಟಿಯಲ್ಲಿ ಬೋರಕ್ಕ ಅಂತ ಒಬ್ಬಳು ಇದ್ದಳು. ಕಡ್ಡಿಯಂಥ ಮೈ, ಮಾತು ಕಡಿಮೆ, ಕೋಪ ಇನ್ನೂ ಕಡಿಮೆ. ಅವಳ ಗಂಡ ಚಿತ್ತಯ್ಯ ಕಾಡುಹಂದಿಯ ಕೋರೆಗೆ ಸಿಕ್ಕಿ ಸತ್ತಿದ್ದ. ಕಾರೆ ಗುಡ್ಡದ ಬುಡದಲ್ಲೇ ಅವನನ್ನು ಮಣ್ಣು ಮಾಡಿದ್ದರು. ಬೋರಕ್ಕ ಸೌದೆಗೆ ಹೋದಾಗಲೆಲ್ಲ ಆ ಮಣ್ಣಿನ ಗುಡ್ಡೆಯ ಮೇಲೆ ಒಂದು ಕಲ್ಲಿಟ್ಟು, ಎರಡು ಮಾತಾಡಿ ಬರುತ್ತಿದ್ದಳಂತೆ. ಮಕ್ಕಳಿಲ್ಲ. ಮನೆಯಲ್ಲಿ ಉಳಿದದ್ದು ಅವಳು ಮತ್ತು ಅವಳ ಮಾವ ದಾಸಜ್ಜ. ದಾಸಜ್ಜನಿಗೆ ಕಣ್ಣು ಹೋಗಿ ಬಹಳ ವರ್ಷ ಆಗಿತ್ತು.

ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಪಾಲಿಗಾಗಿ ಯಾರ ಬಾಗಿಲಲ್ಲೂ ನಿಲ್ಲಬಾರದು ಅಂತ ಹಟ್ಟಿಯವರು ಊರಿನ ದೊಡ್ಡ ಒಲೆಯನ್ನು ಬೋರಕ್ಕನ ಕೈಗೆ ಕೊಟ್ಟರು. ಅವತ್ತಿನಿಂದ ಮೂವತ್ತು ಗುಡಿಸಲಿನ ಬೇಟೆಯೂ ಅವಳ ಮಡಕೆಯಲ್ಲೇ ಬೆಂದಿತು.

ಹೇಗೆ ಬೇಯಿಸುತ್ತಿದ್ದಳು ಅಂತ ಕೇಳಿ. ಮಾಂಸಕ್ಕೆ ನೀರು ತೋರಿಸುತ್ತಿರಲಿಲ್ಲ. ಏಳು ನೀರಿನಲ್ಲಿ ತೊಳೆದರೆ ರುಚಿಯೆಲ್ಲ ಬಚ್ಚಲ ಪಾಲು, ಉಳಿದದ್ದು ನಾರು ಅಂತ ಅವಳ ಅತ್ತೆ ಕಲಿಸಿದ್ದಳು. ಸುಲಿದ ಮಾಂಸವನ್ನು ಮುತ್ತುಗದ ಎಲೆಯಲ್ಲಿ ಒರೆಸಿ, ಹುಣಸೆ ಮರದ ನೆರಳಲ್ಲಿ ಗಾಳಿಗೆ ತೂಗು ಹಾಕುತ್ತಿದ್ದಳು. ಹೊತ್ತು ಇಳಿಯುವ ತನಕ ಅದು ಅಲ್ಲೇ ಇರಬೇಕು. ಆಮೇಲೆ ಮಣ್ಣಿನ ಮಡಕೆ, ಪ್ರಾಣಿಯ ಮೈಯಲ್ಲಿದ್ದ ಕೊಬ್ಬೇ ಎಣ್ಣೆ, ಬಾಯಿಗೆ ಮುಚ್ಚಳ, ಮುಚ್ಚಳದ ಸುತ್ತ ರಾಗಿ ಹಿಟ್ಟಿನ ಮೆತ್ತು. ಒಲೆಯಲ್ಲಿ ಉರಿ ಇರಕೂಡದು, ಜಾಲಿ ಸೌದೆಯ ಕೆಂಡ ಮಾತ್ರ. ಉಪ್ಪು ಕೊನೆಗೆ. ಅಷ್ಟೇ. ಮತ್ತೇನೂ ಇಲ್ಲ.

ಮುಚ್ಚಳ ತೆಗೆದು ನೋಡುವ ಪದ್ಧತಿಯೂ ಇಲ್ಲ. ಮಡಕೆಯ ಹತ್ತಿರ ಕಿವಿ ಇಟ್ಟು ಕೇಳುತ್ತಿದ್ದಳು. ಮಡಕೆ ಮೊದಲು ಜಗಳ ಆಡುತ್ತದೆ, ಆಮೇಲೆ ಗೊಣಗುತ್ತದೆ, ಕೊನೆಗೆ ಜೋಗುಳ ಹಾಡುತ್ತದೆ, ಜೋಗುಳ ಕೇಳಿದಾಗ ಇಳಿಸಬೇಕು ಅನ್ನುವುದು ಅವಳ ಲೆಕ್ಕ. ಅವಳು ಮುಚ್ಚಳ ಎತ್ತಿದರೆ ಹಟ್ಟಿಯ ಅರವತ್ತು ನಾಯಿಯೂ ಬೊಗಳದೆ ಸಾಲಾಗಿ ಕೂರುತ್ತಿದ್ದವು ಅಂತಾರೆ. ಕಾರೆ ಗುಡ್ಡದ ಬಂಡೆಯ ಮೇಲೆ ಚಿರತೆಯೊಂದು ಬಂದು ತನ್ನ ಪಾಲಿಗೆ ಕಾಯುತ್ತಿತ್ತು ಅಂತಲೂ ಅಂತಾರೆ. ಚಿರತೆಯ ಮಾತು ನಾನು ನಂಬುವುದಿಲ್ಲ. ನಾಯಿಗಳ ಮಾತು ನಂಬುತ್ತೇನೆ.

ಬೆಂದ ಮೇಲೆ ಮೊದಲ ತುಂಡು ದಾಸಜ್ಜನಿಗೆ. ಅಜ್ಜ ಬಾಯಿಗಿಟ್ಟು, ನಿಧಾನಕ್ಕೆ ಅಗಿದು, ಇದು ಇಂಥ ಗುಡ್ಡದ್ದು ಅಂತ ಹೇಳುತ್ತಿದ್ದ. ಮಜ್ಜಿಗೆ ಹುಲ್ಲು ಮೇದ ಮೊಲಕ್ಕೆ ಬಾಯಿ ಮುಚ್ಚಿದ ಮೇಲೂ ಮೂಗಿನಲ್ಲಿ ಉಳಿಯುವ ಒಂದು ಘಮ. ನೆಲ್ಲಿ ಗುಡ್ಡದ್ದು ಮೊದಲು ಒಗರು, ಆಮೇಲೆ ನೀರು ಕುಡಿದರೆ ಸಿಹಿ. ಕಾರೆ ಗುಡ್ಡದ ಮಾಂಸ ಬಿಗಿ, ಆದರೆ ಅಡಿಯಲ್ಲಿ ಬೆಲ್ಲದಂಥದ್ದೇನೋ ಇರುತ್ತದೆ. ಅಜ್ಜ ಹೇಳಿದ್ದು ಒಮ್ಮೆಯೂ ತಪ್ಪಿದ್ದಿಲ್ಲ ಅಂತಾರೆ. ಮೊಲ ಗುಡ್ಡದ ಯಾವ ಮಗ್ಗುಲಲ್ಲಿ ಮಲಗಿ ಎದ್ದಿತ್ತು ಅಂತಲೂ ಹೇಳುತ್ತಿದ್ದನಂತೆ. ಇದು ಸ್ವಲ್ಪ ಜಾಸ್ತಿಯಾಯಿತು, ಆದರೆ ನನಗೆ ಹೇಳಿದವರು ಬೇರೆ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ.

ಹೀಗಿರುವಾಗ ಕೋಟೆಯಿಂದ ಒಂದು ಅಪ್ಪಣೆ ಬಂತು.

ಕರೇಕಲ್ಲು ಕೋಟೆಯ ನಾಯಕರು ಆ ಸೀಮೆಗೆ ಒಡೆಯರು. ಮನುಷ್ಯ ಕೆಟ್ಟವರಲ್ಲ. ಆದರೆ ಕೋಟೆಯ ವ್ಯವಹಾರ ನೋಡುತ್ತಿದ್ದ ಪಾರುಪತ್ಯಗಾರ ಇದ್ದನಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಜಾತಿಯವನು. ಮೂರು ಗುಡ್ಡವನ್ನೂ ನಾಯಕರ ಬೇಟೆಗೆ ಮೀಸಲು ಮಾಡಬೇಕು, ಹಟ್ಟಿಯವರು ಆಷಾಢ ಮುಗಿಯುವುದರೊಳಗೆ ಜಾಗ ಬಿಟ್ಟು ಬಯಲಿಗೆ ಇಳಿಯಬೇಕು ಅಂತ ಅವನು ಹೇಳಿಕಳಿಸಿದ. ಆ ಜನ ನಿನ್ನೆ ಮೊನ್ನೆ ಬಂದವರು, ಗುಡ್ಡಕ್ಕೂ ಅವರಿಗೂ ಏನೂ ಸಂಬಂಧ ಇಲ್ಲ ಅಂತ ನಾಯಕರ ಕಿವಿಗೆ ಊದಿದವನೂ ಅವನೇ.

ಹಟ್ಟಿಯ ಹಿರಿಯರು ಹೋಗಿ ಕೈಮುಗಿದರು. ಗುಡ್ಡ ನಿಮ್ಮದು ಅನ್ನುವುದಕ್ಕೆ ಕಲ್ಲಿನ ಶಾಸನ ಇದೆಯೇ, ತಾಮ್ರದ ಪಟ ಇದೆಯೇ ಅಂತ ಪಾರುಪತ್ಯಗಾರ ಕೇಳಿದ. ಬಲೆ ಹೆಣೆಯುವವರ ಹತ್ತಿರ ತಾಮ್ರದ ಪಟ ಎಲ್ಲಿಂದ ಬರಬೇಕು? ಕೊನೆಗೆ ಒಬ್ಬ ಮುದುಕ, ನಮ್ಮ ಹತ್ತಿರ ಶಾಸನ ಇಲ್ಲ ಬುದ್ದಿ, ನಾಲಿಗೆ ಇದೆ, ನಮ್ಮ ದಾಸಜ್ಜ ತುಂಡು ಬಾಯಿಗಿಟ್ಟು ಗುಡ್ಡ ಹೇಳುತ್ತಾನೆ, ನಿನ್ನೆ ಮೊನ್ನೆ ಬಂದವರಿಗೆ ಅದು ಆಗುವ ಮಾತೇ ಅಂದುಬಿಟ್ಟ.

ನಾಯಕರಿಗೆ ನಗು ಬಂತು, ಕುತೂಹಲವೂ ಬಂತು. ಆಗಲಿ, ನನ್ನ ಬಲೆಗಾರ ಮೂರು ಮೊಲ ಹಿಡಿದು ತರುತ್ತಾನೆ, ನಿಮ್ಮವರು ಇಲ್ಲೇ ಬಂದು ಬೇಯಿಸಲಿ, ಮೂರೂ ಎಲ್ಲೆಲ್ಲಿಯವು ಅಂತ ಅಜ್ಜ ಸರಿಯಾಗಿ ಹೇಳಿದರೆ ಗುಡ್ಡ ನಿಮ್ಮದು, ಒಂದು ತಪ್ಪಿದರೂ ಬಯಲಿಗೆ ಇಳಿಯಿರಿ ಅಂದರು.

ಹಟ್ಟಿಯವರು ಹೆದರಿದರು, ಧೈರ್ಯವನ್ನೂ ಹೇಳಿಕೊಂಡರು. ಗುಡ್ಡ ಮೂರು, ಮೊಲ ಮೂರು, ಎರಡು ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುತ್ತದೆ ಅಂತ ಅವರ ಲೆಕ್ಕ. ಬೋರಕ್ಕ ಮಾತ್ರ ಲೆಕ್ಕ ಹಾಕಲಿಲ್ಲ. ಕಾರೆ ಗುಡ್ಡದ ಬುಡಕ್ಕೆ ಹೋಗಿ ಗಂಡನ ಗುಡ್ಡೆಯ ಮೇಲೆ ಕಲ್ಲಿಟ್ಟಳು. ಈ ಜಾಗ ಬಿಟ್ಟರೆ ಇವನ ಹತ್ತಿರ ಯಾರು ಬಂದು ಮಾತಾಡುತ್ತಾರೆ ಅಂತ ಅವಳ ಚಿಂತೆ. ಅಲ್ಲಿಂದ ಎದ್ದು ಮಾವನ ಕೋಲು ಹಿಡಿದುಕೊಂಡು ಕೋಟೆಗೆ ನಡೆದಳು, ಹಟ್ಟಿಯವರು ಹಿಂದೆ ಹೊರಟರು.

ಕೋಟೆಯ ಅಡುಗೆಮನೆ ಹೇಗಿತ್ತು ಅಂತೀರಿ. ಬೋರಕ್ಕನ ಇಡೀ ಗುಡಿಸಲು ಅದರ ಒಂದು ಮೂಲೆಯಲ್ಲಿ ಹಿಡಿಯುತ್ತಿತ್ತು. ಏಳು ಒಲೆ, ಗೋಡೆಯುದ್ದಕ್ಕೂ ಹಿತ್ತಾಳೆ ಪಾತ್ರೆ, ಮಸಾಲೆ ಅರೆಯುವುದಕ್ಕೇ ನಾಲ್ಕು ಜನ. ಪಾರುಪತ್ಯಗಾರ ಮೂರು ಮೊಲವನ್ನೂ ಸುಲಿಸಿಯೇ ಕಳಿಸಿದ್ದ. ಬೋರಕ್ಕ ಅವನ್ನು ಎಲೆಯಲ್ಲಿ ಒರೆಸಿ ಕಿಟಕಿಯ ಗಾಳಿಗೆ ತೂಗು ಹಾಕಿದಾಗ ಕಾಡಿನ ಮಾಂಸದ ವಾಸನೆ ಎದ್ದಿತು. ಮಸಾಲೆ ಅರೆಯುತ್ತಿದ್ದ ಹುಡುಗಿಯರು ಸೆರಗು ಮೂಗಿಗೆ ಒತ್ತಿಕೊಂಡರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಇಬ್ಬರೂ ನಕ್ಕರು.

ಅಲ್ಲಿಯ ತನಕ ಬೋರಕ್ಕನಿಗೆ ಆ ವಾಸನೆ ವಾಸನೆಯೇ ಆಗಿರಲಿಲ್ಲ. ಅದು ಅವಳಿಗೆ ಹಟ್ಟಿಯ ಸಂಜೆ, ಗಂಡ ಗುಡ್ಡ ಇಳಿದು ಬರುವ ಹೊತ್ತು. ಆ ನಗು ಕೇಳಿದ ಮೇಲೆ ಮೊದಲ ಸಲ ಅದು ಮೂಗಿಗೆ ಬಡಿಯಿತು. ತನ್ನ ಸೀರೆಯಿಂದಲೂ, ಕೈಯಿಂದಲೂ ಅದೇ ಬರುತ್ತಿದೆ ಅನ್ನಿಸಿತು. ನಾಚಿಕೆಯಿಂದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅಡುಗೆಮನೆಯ ಹಿರಿಯಳು ಅದನ್ನು ಕಂಡು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ಬಟ್ಟಲು ಮಸಾಲೆ ತಂದುಕೊಟ್ಟಳು. ನಾಯಕರ ಬಾಯಿಗೆ ಹೋಗುವ ಅಡುಗೆ ತಾಯಿ, ಇಷ್ಟಾದರೂ ಬೇಡವೇ ಅಂದಳು. ಮೆಣಸು, ಲವಂಗ, ಚಕ್ಕೆ, ಹುರಿದ ಕೊತ್ತಂಬರಿ. ಘಮ್ ಅಂತಿತ್ತು.

ಬೋರಕ್ಕ ಆವತ್ತು ಒಂದು ಮೊಲವನ್ನು ತೊಳೆದಳು. ಒಂದು ನೀರಲ್ಲ, ಏಳು ನೀರು. ಬಟ್ಟಲಿನ ಮಸಾಲೆಯನ್ನೆಲ್ಲ ಸುರಿದು ಮಡಕೆಗೆ ಹಾಕಿ ಮುಚ್ಚಿದಳು. ಕಿವಿ ಇಟ್ಟಾಗ ಮಡಕೆ ಜಗಳ ಆಡಿತು, ಗೊಣಗಿತು, ಜೋಗುಳ ಮಾತ್ರ ಹಾಡಲಿಲ್ಲ. ಹೊಸ ಜಾಗ, ಮಡಕೆಗೂ ಸಂಕೋಚ ಇರಬಹುದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು ಇಳಿಸಿದಳು.

ಮುಚ್ಚಳ ಎತ್ತಿದರೆ ಚಾವಡಿಯವರೆಗೂ ಘಮಲು. ನಾಯಕರು ಎರಡು ತುಂಡು ತಿಂದು ಭೇಷ್ ಅಂದರು. ಅಡುಗೆಯ ಹುಡುಗಿಯರು ಮೂಗಿನಿಂದ ಸೆರಗು ತೆಗೆದರು. ಬೋರಕ್ಕನ ಮುಖ ಅರಳಿತು. ಆಮೇಲೆ ದಾಸಜ್ಜನ ಕೈಗೆ ಎಲೆ ಕೊಟ್ಟರು. ಅಜ್ಜ ಒಂದು ತುಂಡು ಬಾಯಿಗಿಟ್ಟ. ಅಗಿದ. ಮತ್ತೆ ಅಗಿದ. ಇನ್ನೊಂದು ತುಂಡು ಇಟ್ಟುಕೊಂಡ. ಅಜ್ಜ ಸೊಸೆ ನಿಂತಿದ್ದ ಕಡೆಗೆ ಮುಖ ತಿರುಗಿಸಿದ.

"ಬೋರವ್ವ, ಇದ್ರಾಗೆ ಮೊಲ ಎಲ್ಲೈತೆ?"

ಗದರಲಿಲ್ಲ ಅಂತಾರೆ. ಕಳೆದುಹೋದ ವಸ್ತುವನ್ನು ಕೇಳುವ ಹಾಗೆ ಕೇಳಿದನಂತೆ. ತಾನು ಕಳೆದದ್ದು ಬರೀ ಒಂದು ಮೊಲವಲ್ಲ, ಮೂವತ್ತು ಗುಡಿಸಲು, ಮೂರು ಗುಡ್ಡ, ಚಿತ್ತಯ್ಯನ ಮೇಲಿನ ಕಲ್ಲುಗಳು ಅಂತ ಬೋರಕ್ಕನಿಗೆ ಆಗಲೇ ಹೊಳೆಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬಯಸಿದೆನಲ್ಲ ಅಂತ ತನ್ನ ಮೇಲೇ ಹೇಸಿಗೆಯಾಯಿತು.

ಅಜ್ಜ ಸೋತ ಅಂತ ಪಾರುಪತ್ಯಗಾರ ಎದ್ದು ನಿಂತ. ಆಗ ಯಾರ ಮುಂದೆಯೂ ದನಿ ಎತ್ತದ ಬೋರಕ್ಕ ನಡುಚಾವಡಿಗೆ ಬಂದಳು.

"ತಪ್ಪು ನಂದು ಬುದ್ದಿ, ನಮ್ಮ ಮಾವಂದಲ್ಲ. ಮೊಲದ ವಾಸನೆಗೆ ನಾನು ನಾಚ್ಕಂಡೆ. ಅದ್ಕೆ ಅದನ್ನ ತೊಳೆದು ಮುಚ್ಚಿಟ್ಟೆ."

ತಪ್ಪು ಒಪ್ಪಿಕೊಳ್ಳುವವರು ಕೋಟೆಯೊಳಗೆ ಅಪರೂಪ. ನಾಯಕರು, ಅಜ್ಜ ಇನ್ನೂ ಯಾವ ಗುಡ್ಡದ ಹೆಸರನ್ನೂ ಹೇಳಿಲ್ಲ, ಹೇಳದ್ದು ತಪ್ಪಾಗುವುದು ಹೇಗೆ, ಇನ್ನೆರಡು ಮೊಲ ಇವೆ, ನನ್ನ ಹಸಿವೂ ಇದೆ ಅಂತ ಹೇಳಿ ಪಾರುಪತ್ಯಗಾರನನ್ನು ಕೂರಿಸಿದರು.

ಬೋರಕ್ಕ ಅಡುಗೆಮನೆಗೆ ಹೋಗಿ ಏಳು ಒಲೆಯನ್ನೂ ಬಿಟ್ಟು ಹಿತ್ತಿಲಿಗೆ ಬಂದಳು. ಮೂರು ಕಲ್ಲು ಹೂಡಿದಳು. ಜಾಲಿ ಸೌದೆ ಸುಟ್ಟು ಕೆಂಡ ಮಾಡಿದಳು. ಗಾಳಿಗೆ ಆರಿದ್ದ ಮೊಲವನ್ನು ಹಾಗೇ ಮಡಕೆಗಿಟ್ಟು, ರಾಗಿ ಹಿಟ್ಟು ಮೆತ್ತಿ, ಬರೀ ನೆಲದ ಮೇಲೆ ಕೂತು ಕಿವಿ ಇಟ್ಟಳು. ಹುಡುಗಿಯರು ಮತ್ತೆ ನಕ್ಕರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಅವಳು ಕೇಳುತ್ತಿದ್ದದ್ದು ಮಡಕೆಯನ್ನು ಮಾತ್ರ. ಜಗಳ ಮುಗಿಯಿತು, ಗೊಣಗಾಟ ಮುಗಿಯಿತು. ಜೋಗುಳ ಶುರುವಾದಾಗ ಅವಳ ಕಣ್ಣಲ್ಲಿ ನೀರು ಬಂತಂತೆ.

ಎರಡನೆಯ ಮೊಲದ ತುಂಡು ದಾಸಜ್ಜನ ಬಾಯಿಗೆ ಹೋಯಿತು. ಅಜ್ಜ ಬಹಳ ಹೊತ್ತು ಅಗಿಯಲೇ ಇಲ್ಲ.

"ಇದು ಕಾರೆ ಗುಡ್ಡದ್ದು. ನನ್ನ ಮಗ ಮಲಗಿರೋ ಕಡೇದು."

ಬಾಗಿಲಲ್ಲಿ ನಿಂತಿದ್ದ ಬಲೆಗಾರ ಹೌದು ಅಂತ ತಲೆಯಾಡಿಸಿದ. ನಾಯಕರೂ ಒಂದು ತುಂಡು ತೆಗೆದುಕೊಂಡರು. ಈ ಸಲ ಭೇಷ್ ಅನ್ನಲಿಲ್ಲ. ಮೂಳೆ ಚೀಪಿ ಕೆಳಗಿಟ್ಟು, ಇನ್ನೊಂದಕ್ಕೆ ಕೈ ಚಾಚಿದರು. ಅವರ ಮುತ್ತಾತನೂ ಬಲೆ ಹೊತ್ತವನೇ, ಕೋಟೆ ಆಮೇಲೆ ಕಟ್ಟಿದ್ದು ಅಂತಾರೆ. ಇರಬಹುದು.

ಮೂರನೆಯದೂ ಹಾಗೇ ಬೆಂದು ಬಂತು. ಬಾಗಿಲಾಚೆ ಹಟ್ಟಿಯವರು ಕೊರಳುದ್ದ ಮಾಡಿಕೊಂಡು ನಿಂತಿದ್ದರು. ಇದೊಂದು ಗೊತ್ತಾದರೆ ಆ ಹಾಳು ಮಸಾಲೆ ಮೊಲದ ಗುಡ್ಡ ತಾನಾಗಿ ಉಳಿಯುತ್ತದೆ ಅಂತ ಅವರ ಆಸೆ. ಅಜ್ಜ ಅಗಿದ, ಹುಬ್ಬು ಗಂಟಿಕ್ಕಿದ, ನೀರು ಕುಡಿದ, ಮತ್ತೆ ಅಗಿದ. ಇದು ಗುಡ್ಡ ಕಂಡ ಮೊಲವೇ ಅಲ್ಲ ಅಂದ. ಇದರ ಕಾಲಲ್ಲಿ ಓಟ ಇಲ್ಲ, ಇದು ಕೂತಲ್ಲೇ ತಿಂದದ್ದು, ಅದೂ ಅಗಸೆ ಸೊಪ್ಪು, ಯಾರೋ ಕೈಯಾರೆ ಹಾಕಿ ಸಾಕಿದ್ದು ಅಂದ.

ನಾಯಕರು ಬಲೆಗಾರನ ಮುಖ ನೋಡಿದರು. ಬಲೆಗಾರ ಪಾರುಪತ್ಯಗಾರನ ಮುಖ ನೋಡಿದ. ಪಾರುಪತ್ಯಗಾರ ನೆಲ ನೋಡಿದ. ಕೋಟೆಯ ತೋಟದಲ್ಲಿ ಸಾಕಿದ್ದ ಮೊಲ ಅದು. ನೆಲ್ಲಿ ಗುಡ್ಡದಲ್ಲಿ ಮೊಲ ಸಿಗಲಿಲ್ಲವೆಂದು ಇದನ್ನು ಸೇರಿಸಿದೆ, ಪರೀಕ್ಷೆ ಅಂದಮೇಲೆ ಗಟ್ಟಿಯಾಗಿಯೇ ಇರಲಿ ಅಂತ ಸುಮ್ಮನಿದ್ದೆ ಅಂತ ಅವನು ಹೇಳುವುದಕ್ಕೆ ಹೊರಟ. "ನೆಲ್ಲಿ ಗುಡ್ಡ" ಅಂತ ಬಾಯಿ ತೆಗೆಯುವ ಮೊದಲೇ ನಾಯಕರು ಕೈ ಎತ್ತಿ ಬಾಯಿ ಮುಚ್ಚಿಸಿದರು. ಹಾಗಾಗಿ ಮೊದಲ ಮೊಲ ಮಜ್ಜಿಗೆ ಹುಲ್ಲಿನ ಗುಡ್ಡದ್ದೋ ನೆಲ್ಲಿ ಗುಡ್ಡದ್ದೋ ಅಂತ ಅಲ್ಲಿ ಬಲೆಗಾರನಿಗೆ, ಪಾರುಪತ್ಯಗಾರನಿಗೆ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ಹಟ್ಟಿಯವರ ಲೆಕ್ಕ ಮಾತ್ರ ಕೆಟ್ಟೇಹೋಯಿತು.

ಈಗ ಊಹೆ ಮಾಡಿ ಒಂದು ಹೆಸರು ಹೇಳು ಅಜ್ಜ, ಅಂತ ಹಟ್ಟಿಯ ಯಾರೋ ಪಿಸುಗುಟ್ಟಿದರು. ದಾಸಜ್ಜ ಒಪ್ಪಲಿಲ್ಲ. ನಾಲಿಗೆ ಹೇಳದ್ದನ್ನು ಬಾಯಿ ಹೇಳಿದರೆ ನಾವೂ ನಿನ್ನೆ ಮೊನ್ನೆ ಬಂದವರೇ ಆಗುತ್ತೇವೆ ಅಂದ.

ಬೋರಕ್ಕ ಎಲೆಯ ಮೇಲೆ ಉಳಿದಿದ್ದ ಮೊದಲ ಮೊಲವನ್ನು ನೋಡುತ್ತ ನಿಂತಿದ್ದಳು. ಅದನ್ನು ಮುಚ್ಚಿಟ್ಟವಳು ಅವಳೇ, ಎಲ್ಲಿಯವರೆಗೆ ಮುಚ್ಚಿಟ್ಟಿದ್ದಾಳೆ ಅಂತ ಗೊತ್ತಿದ್ದವಳೂ ಅವಳೇ. ಸರಸರ ಬಂದು ತೊಡೆಯ ಮೂಳೆಯೊಂದನ್ನು ಆರಿಸಿದಳು. ಅದರ ಮೇಲಿದ್ದ ಮಸಾಲೆಯನ್ನು ಸೆರಗಿನಲ್ಲಿ ಒರೆಸಿದಳು. ಅಂಗಳದ ಕಲ್ಲಿನ ಮೇಲಿಟ್ಟು ಒಂದೇ ಏಟಿಗೆ ಒಡೆದಳು. ಒಳಗೆ ಅಕ್ಕಿಕಾಳಿನಷ್ಟು ಮಜ್ಜೆ. ಅದನ್ನು ಮಾವನ ನಾಲಿಗೆಯ ಮೇಲಿಟ್ಟಳು.

"ಮಸಾಲೆ ಮೂಳೆಯೊಳಕ್ಕೆ ಹೋಗಿಲ್ಲ ಮಾವ. ಅಲ್ಲಿ ನೋಡು."

ದಾಸಜ್ಜ ಬಾಯಿ ಮುಚ್ಚಿದ. ಮೂಗಿನಿಂದ ಉಸಿರು ಬಿಟ್ಟ. ಕಣ್ಣಿಲ್ಲದ ಆ ಮುಖದ ಮೇಲೆ ನಗು ಎಲ್ಲಿಂದ ಬಂತೋ.

ಮಜ್ಜಿಗೆ ಹುಲ್ಲು ಅಂದ. ಎಳೆಯ ಹುಲ್ಲು, ಮಳೆ ಬಿದ್ದ ಮೇಲಿನದು ಅಂತಲೂ ಸೇರಿಸಿದ. ಬಲೆಗಾರ ತಲೆಯಾಡಿಸುವುದನ್ನು ಬಿಟ್ಟು ಎರಡೂ ಕೈ ಎತ್ತಿ ಮುಗಿದುಬಿಟ್ಟನಂತೆ.

ಗುಡ್ಡ ಹಟ್ಟಿಗೆ ಉಳಿಯಿತು. ಪಾರುಪತ್ಯಗಾರನಿಗೆ ಏನಾಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಗಸೆ ಸೊಪ್ಪು ತಿನ್ನಿಸುತ್ತ ಕೋಟೆಯ ಮೊಲ ಕಾಯುವ ಕೆಲಸಕ್ಕೆ ಹಾಕಿದರು ಅನ್ನುವುದು ನನಗೆ ಬಹಳ ಇಷ್ಟ. ನಾಯಕರು ಕಲ್ಲಿನ ಶಾಸನ ಹಾಕಿಸಿಕೊಡುತ್ತೇನೆ ಅಂದರಂತೆ. ಬೋರಕ್ಕ ಬೇಡ ಅಂದಳು. ಕಲ್ಲನ್ನು ಬಚ್ಚಿಡಬಹುದು ಬುದ್ದಿ, ಇವತ್ತು ನಾನು ಮೊಲವನ್ನೇ ಬಚ್ಚಿಟ್ಟಿರಲಿಲ್ಲವೇ, ಈ ರುಚಿಯನ್ನು ಮರೆಯದ ಹಾಗೆ ನಾವೇ ನೋಡಿಕೊಳ್ಳುತ್ತೇವೆ ಅಂದಳಂತೆ. ನಮ್ಮ ಹಟ್ಟಿಯ ಈಗಿನ ಹುಡುಗರು ಎಷ್ಟೋ ಸಲ ಗುಡ್ಡವೆಲ್ಲ ಹುಡುಕಿದ್ದಾರೆ, ಶಾಸನ ಗೀಸನ ಒಂದೂ ಸಿಕ್ಕಿಲ್ಲ.

ಹಟ್ಟಿಗೆ ಬಂದವಳು ಮೊದಲು ಚಿತ್ತಯ್ಯನ ಗುಡ್ಡೆಗೆ ಹೋಗಿ ಕಲ್ಲಿಟ್ಟಳು. ಆಮೇಲೆ ಊರಿಗೆ ಒಂದು ಕಟ್ಟುಪಾಡು ಹಾಕಿದಳು. ಮಸಾಲೆ ಬೇಡ ಅನ್ನಲಿಲ್ಲ. ಕೋಟೆಯ ಹಿರಿಯಳು ಕಟ್ಟಿಕೊಟ್ಟಿದ್ದ ಮಸಾಲೆಯನ್ನು ಅವಳೇ ಹಂಡೆ ಸಾರಿಗೆ ಹಾಕಿ ಎಲ್ಲರಿಗೂ ಬಡಿಸಿದಳು ಅಂತಾರೆ. ಆದರೆ ಮಡಕೆಗೆ ಏನೇ ಹಾಕುವ ಮೊದಲು ಒಂದು ತುಂಡನ್ನು ತೊಳೆಯದೆ, ಕೆಂಡದಲ್ಲಿ ಸುಟ್ಟು, ಬರೀ ಉಪ್ಪು ಸವರಿ ಮನೆಯ ಹಿರಿಯರ ಬಾಯಿಗಿಡಬೇಕು. ಏನು ಬೇಯಿಸುತ್ತಿದ್ದೇವೆ ಅಂತ ಮೊದಲು ಗೊತ್ತಾಗಲಿ, ಆಮೇಲೆ ಏನು ಬೇಕಾದರೂ ಹಾಕಿಕೊಳ್ಳಿ. ಅದಕ್ಕೇ ಅದು ಉಪ್ಪುತುಂಡು. ಅವಳು ಉಪ್ಪುತುಂಡಿನ ಬೋರಕ್ಕ.

ಈಗ ಬೇಟೆ ನಿಂತಿದೆ. ನಿಂತದ್ದು ಒಳ್ಳೆಯದೇ ಆಯಿತು, ಗುಡ್ಡದಲ್ಲಿ ಮೊಲಗಳು ಮತ್ತೆ ಕಾಣಿಸುತ್ತಿವೆ. ಈಗ ನಮ್ಮಲ್ಲಿ ಬೇಯುವುದು ಆಡು, ಕುರಿ, ನಾಟಿ ಕೋಳಿ. ಆದರೂ ಉಪ್ಪುತುಂಡು ತಪ್ಪಿಲ್ಲ. ಮದುವೆಯಲ್ಲಿ ಹೆಣ್ಣಿಗೆ ಮೈತುಂಬ ಒಡವೆ ಹೇರಿದ್ದರೆ, ಬೋರವ್ವ, ಇದ್ರಾಗೆ ಮೊಲ ಎಲ್ಲೈತೆ ಅಂತ ಮುದುಕಿಯರು ಇವತ್ತಿಗೂ ಚೇಷ್ಟೆ ಮಾಡುತ್ತಾರೆ.

ಕಳೆದ ವರ್ಷ ನಮ್ಮ ಮನೆಗೆ ಹೊಸ ಸೊಸೆ ಬಂದಳು, ಪೇಟೆ ಕಡೆಯವಳು. ಹಬ್ಬಕ್ಕೆ ಸಂತೆಯಿಂದ ಆಡು ತಂದಿದ್ದರು. ಅವಳು ಮಸಾಲೆಗೆಲ್ಲ ಹುರಿದಿಟ್ಟುಕೊಂಡು ರುಬ್ಬುವ ಕಲ್ಲಿನ ಮುಂದೆ ಕೂತಳು. ಎಲ್ಲರೂ ಉಪ್ಪುತುಂಡಿಗೆ ಕಾಯುತ್ತಿದ್ದರು, ಯಾಕೆ ಅಂತ ಅವಳಿಗೆ ಗೊತ್ತಾಗಲಿಲ್ಲ. ನನ್ನ ಅಕ್ಕ, ತೊಂಬತ್ತು ದಾಟಿದವಳು, ಉಪ್ಪುತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇದು ನಮ್ಮ ಕಡೆಯದಲ್ಲ ಅಂದಳು. ಕಾಲುವೆ ಬದಿಯ ಹುಲ್ಲು ತಿಂದ ಆಡು, ಆದರೆ ಚಿಕ್ಕಂದಿನಲ್ಲಿ ಎಲ್ಲೋ ಗುಡ್ಡ ಕಂಡಿದೆ ಅಂದಳು. ಆಡು ಮಾರಿದವನನ್ನು ವಿಚಾರಿಸಿದರೆ ಮಾತು ನಿಜ. ಆ ಸೊಸೆ ರುಬ್ಬುವ ಕಲ್ಲು ಬಿಟ್ಟು ಎದ್ದು ಬಂದು, ಮುದುಕಿಯ ಪಕ್ಕ ಕೂತು, ನನಗೂ ಒಂದು ತುಂಡು ಕೊಡಿ ಅಜ್ಜಿ, ಬರೀ ಉಪ್ಪಿನದು ಅಂತ ಕೈ ಚಾಚಿದಳು.